ನಮ್ಮ ಟ್ಯಾಬು ಸರಿಯಾಗಿದೆ

ನಮ್ಮ ಕಚೇರಿ ಇರುವುದು ಯಾದವಗಿರಿಯ ಒಂದು ಹಳೆಯ ಬಂಗಲೆಯಲ್ಲಿ. ಯಜಮಾನರ ಅಜ್ಜ ಕಟ್ಟಿಸಿದ ಮನೆ. ಹಾಲಿನಲ್ಲಿ ಯಜಮಾನರು ಕೂರುತ್ತಾರೆ, ಊಟದ ಮನೆಯಾಗಿದ್ದ ಕೋಣೆಯಲ್ಲಿ ಪ್ರೋಗ್ರಾಂ ಬರೆಯುವ ನಾವು ಮೂವರು ಕೂರುತ್ತೇವೆ, ದೇವರ ಮನೆಯಾಗಿದ್ದ ಕೋಣೆಯಲ್ಲಿ ಇಂಟರ್‌ನೆಟ್ಟಿನ ಪೆಟ್ಟಿಗೆಗಳು ಕೂತಿವೆ. ಅಲ್ಲಿಗೆ ಚಪ್ಪಲಿ ಬಿಟ್ಟು ಹೋಗಬೇಕೆಂದು ಯಾರೂ ಹೇಳಿಲ್ಲ. ಆದರೂ ಎಲ್ಲರೂ ಬಿಟ್ಟೇ ಹೋಗುತ್ತೇವೆ. ಮೈಸೂರಿನಲ್ಲಿ ಮುಖ್ಯವಾದದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎದುರಿಗಿರುವವರೇ ತಿಳಿದುಕೊಳ್ಳಬೇಕು. ಇದನ್ನು ಸಂಸ್ಕಾರ ಎಂದು ಕರೆದುಕೊಂಡು ಹಾಯಾಗಿದ್ದೆವು. ಆ ಸಂಸ್ಕಾರ ಒಂದು ಸಂಜೆ ನನ್ನ ಮಗಳನ್ನು ಕಳೆದುಹಾಕಿತು.

ನಾವು ಮಾಡುವುದು ಶಾಲಾ ವ್ಯಾನುಗಳ ಆ್ಯಪ್. ಮಕ್ಕಳನ್ನು ವ್ಯಾನಿನಲ್ಲಿ ಕಳಿಸುವ ತಂದೆ ತಾಯಂದಿರು ಅದನ್ನು ಫೋನಿಗೆ ಹಾಕಿಕೊಳ್ಳುತ್ತಾರೆ. ತೆರೆದರೆ ಕೆಳಗಡೆ ಮೂರು ಗುಂಡಿ, ಒಂದೊಂದನ್ನು ಒತ್ತಿದರೆ ಒಂದೊಂದು ಪರದೆ. ಇದಕ್ಕೆ ಟ್ಯಾಬು ಎನ್ನುತ್ತಾರೆ. ‘ಮಗು’ ಎಂಬ ಟ್ಯಾಬಿನಲ್ಲಿ ಮಗುವಿನ ತರಗತಿ, ಸಂಜೆ ಎಲ್ಲಿ ಇಳಿಸಬೇಕು ಎಂಬ ವಿಳಾಸ. ‘ಇಂದು’ ಟ್ಯಾಬಿನಲ್ಲಿ ಮಗು ಇವತ್ತು ವ್ಯಾನಿನಲ್ಲಿ ಬರುತ್ತದೆ ಎಂದು ಒಪ್ಪಿಗೆ ಕೊಡುವ ‘ಸರಿ’ ಗುಂಡಿ. ‘ದಾರಿ’ ಟ್ಯಾಬಿನಲ್ಲಿ ವ್ಯಾನು ಎಲ್ಲಿ ಬರುತ್ತಿದೆ ಎಂದು ತೋರಿಸುವ ನಕ್ಷೆ. ಪ್ರತಿ ಪರದೆಯ ಹಿಂದೆಯೂ ಅದರ ಮನೆವಾರ್ತೆ ನೋಡಿಕೊಳ್ಳುವ ಒಂದು ತುಂಡು ಪ್ರೋಗ್ರಾಂ ಇರುತ್ತದೆ. ಅದರ ಹೆಸರು ವ್ಯೂ ಕಂಟ್ರೋಲರ್. ಈ ಮೂರು ಮನೆವಾರ್ತೆಗಳಿಗೂ ಒಂದೇ ಮಗುವಿನ ವಿಷಯ ಗೊತ್ತಿರಬೇಕು, ಗೊತ್ತಿರುವುದು ಒಂದೇ ಆಗಿರಬೇಕು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಸಣ್ಣ ಕಷ್ಟ ಇನ್ನೊಂದಿಲ್ಲ. ಅದನ್ನು ದೊಡ್ಡದು ಮಾಡಲು ಮೂರು ಜನ ವಿದ್ಯಾವಂತರು ಮತ್ತು ಒಬ್ಬ ಯಜಮಾನರು ಬೇಕಾಯಿತು.

ಯಜಮಾನರ ಮನೆತನದವರು ಹಿಂದೆ ಅರಮನೆಯ ಕಚೇರಿಗಳಲ್ಲಿ ಇದ್ದವರು. ಮುತ್ತಜ್ಜನ ಪೇಟ ಈಗಲೂ ಗಾಜಿನ ಪೆಟ್ಟಿಗೆಯಲ್ಲಿ ಹಾಲಿನ ಗೋಡೆಗಿದೆ. ಪೇಟದ ಜೊತೆಗೆ ಒಂದು ಆಡಳಿತ ತತ್ವವೂ ಇವರಿಗೆ ಬಂದಿದೆ: ಒಬ್ಬರ ಇಲಾಖೆಯಲ್ಲಿ ಇನ್ನೊಬ್ಬರು ಕೈ ಹಾಕಬಾರದು. ಹಾಗಾಗಿ ಮೂರು ಟ್ಯಾಬನ್ನು ಮೂವರಿಗೆ ಹಂಚಿಬಿಟ್ಟರು. ‘ಮಗು’ ನನ್ನದು. ‘ದಾರಿ’ ಪಕ್ಕದ ಮೇಜಿನ ಗೆಳತಿಯದು. ‘ಇಂದು’ ನಮ್ಮ ಹಿರಿಯ ಸಹೋದ್ಯೋಗಿಯದು.

ಈ ಹಿರಿಯರ ಬಗ್ಗೆ ಎರಡು ಮಾತು ಹೇಳಬೇಕು. ಚಾಮರಾಜನಗರದ ಕಡೆ ಅವರ ಮನೆಯವರದು ಎಣ್ಣೆ ಬೆಲ್ಲದ ವ್ಯಾಪಾರ. ಇವರು ಮಾತ್ರ ಚಿಕ್ಕಂದಿನಿಂದ ಮಠದ ಹಾಸ್ಟೆಲಿನಲ್ಲಿದ್ದು ಓದಿ ಎಂಜಿನಿಯರ್ ಆದವರು. ಅಲ್ಲಿ ಪಂಕ್ತಿಯಲ್ಲಿ ಕೂತರೆ ಬಡಿಸುವವರು ಬರುವ ತನಕ ಕೇಳಬಾರದು, ಒಂದು ಸಲ ಎಲೆಗೆ ಬಿದ್ದದ್ದನ್ನು ಬಿಡಬಾರದು ಎಂಬ ಶಿಸ್ತು. ಅನ್ನಕ್ಕೆ ಇದು ಒಳ್ಳೆಯ ಶಿಸ್ತೇ. ಅವರು ಅದನ್ನು ಪ್ರೋಗ್ರಾಮಿಗೂ ಹಚ್ಚಿದ್ದರು. ಅವರ ‘ಇಂದು’ ಪರದೆ ಹುಟ್ಟಿದಾಗ ಒಂದು ಸಲ ಮಗುವಿನ ಪೂರ್ತಿ ವಿವರವನ್ನು, ಎಲ್ಲರ ವಿವರಗಳ ಉಗ್ರಾಣವಾದ ಸರ್ವರಿನಿಂದ ಬಡಿಸಿಕೊಳ್ಳುತ್ತಿತ್ತು. ಆಮೇಲೆ ಕೇಳುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ.

ಟ್ಯಾಬುಗಳ ಸ್ವಭಾವವೇ ಒಂದು ತಮಾಷೆ. ‘ಇಂದು’ ನೋಡಿ ‘ಮಗು’ ಒತ್ತಿದಿರಿ ಎಂದರೆ ‘ಇಂದು’ ಪರದೆ ಸತ್ತುಹೋಗುವುದಿಲ್ಲ, ಹಿಂದೆ ಸರಿದು ಕೂರುತ್ತದೆ. ವಾಪಸು ಒತ್ತಿದರೆ ಕೂತಲ್ಲಿಂದಲೇ ಎದ್ದು ಬರುತ್ತದೆ, ಕೈಯಲ್ಲಿ ಹಿಂದೆ ಹಿಡಿದುಕೊಂಡಿದ್ದ ಅದೇ ಪ್ರತಿ. ಈ ನಡುವೆ ನೀವು ‘ಮಗು’ವಿನಲ್ಲಿ ವಿಳಾಸ ಬದಲಿಸಿದ್ದು ಅದಕ್ಕೆ ಗೊತ್ತೇ ಇರುವುದಿಲ್ಲ. ಪೂರ್ತಿ ಆ್ಯಪನ್ನೇ ಮುಚ್ಚಿ ಹೊಸದಾಗಿ ತೆರೆದರೆ ಮಾತ್ರ ಎಲ್ಲ ಪರದೆಗಳೂ ಹೊಸದಾಗಿ ಹುಟ್ಟಿ ಹೊಸ ಪ್ರತಿ ತೆಗೆದುಕೊಳ್ಳುತ್ತವೆ.

ಇದರಿಂದ ನಮ್ಮ ಕಚೇರಿಗೊಂದು ಮಂತ್ರ ಸಿಕ್ಕಿತು. ಯಾರಾದರೂ ಫೋನು ಮಾಡಿ, "ನಮ್ಮ ಹುಡುಗಂದು ಸೆಕ್ಷನ್ ಬದಲಾಗಿದೆ, ಇಲ್ಲಿ ಹಳೇದೇ ತೋರಿಸ್ತಿದೆಯಲ್ರೀ" ಎಂದರೆ, "ಒಂದ್ಸಲ ಮುಚ್ಚಿ ತೆಗೀರಿ ಸರ್" ಎನ್ನುವುದು. ನೂರಕ್ಕೆ ನೂರು ಸರಿಹೋಗುತ್ತಿತ್ತು. "ಈಗ ಬಂತು, ಥ್ಯಾಂಕ್ಸ್" ಎಂದು ಅವರು ನಮಗೇ ಕೃತಜ್ಞತೆ ಹೇಳಿ ಇಡುತ್ತಿದ್ದರು. ಮನೆಯ ನಲ್ಲಿ ಸೋರುತ್ತದೆ ಎಂದು ದೂರು ಕೊಟ್ಟರೆ, ಕೆಳಗೆ ಬಕೆಟ್ ಇಡಿ ಎಂದು ಹೇಳಿ ಥ್ಯಾಂಕ್ಸ್ ತೆಗೆದುಕೊಳ್ಳುವ ಪ್ಲಂಬರನ್ನು ನಾನು ಇದುವರೆಗೆ ನೋಡಿಲ್ಲ. ನಮ್ಮ ವೃತ್ತಿಯಲ್ಲಿ ಅದು ಸಾಧ್ಯ.

ಒಂದು ದಿನ ಬೆಳಗಿನ ಕಾಫಿಯ ಹೊತ್ತಿಗೆ ನಾನೇ ಮಾತು ತೆಗೆದೆ. ಮಗುವಿನ ವಿವರ ಒಂದೇ ಒಂದು ಕಡೆ ಇರಲಿ, ಮೂರು ಪರದೆಗಳೂ ಬೇಕಾದಾಗ ಅಲ್ಲೇ ನೋಡಲಿ, ಯಾರೂ ತಮ್ಮ ತಮ್ಮ ಪ್ರತಿ ಇಟ್ಟುಕೊಳ್ಳುವುದು ಬೇಡ, ಬದಲಾದರೆ ಅಲ್ಲೊಂದು ಕಡೆ ಬದಲಾಯಿಸಿದರೆ ಆಯಿತು ಎಂದೆ. ನನ್ನ ಮಟ್ಟಿಗೆ ಇದು, ಮನೆಗೆಲ್ಲ ಒಂದೇ ಗಡಿಯಾರ ಇರಲಿ ಎಂದಷ್ಟೇ ಸರಳ.

ಹಿರಿಯರು ಲೋಟ ಕೆಳಗಿಟ್ಟರು. "ನಮ್ಮ ಟ್ಯಾಬಲ್ಲಿ ಏನಾದ್ರೂ ಕೊರತೆ ಕಂಡುಬಂತಾ ಮೇಡಂ?"

"ಹಾಗಲ್ಲ ಸರ್, ಮೂವರದೂ..."

"ಇದ್ರೆ ಸಂಕೋಚ ಇಲ್ದೆ ಹೇಳ್ಬುಡಿ. ತಿದ್ಕೊಳ್ಳೋಣ."

ಇಷ್ಟು ಮರ್ಯಾದೆಯಿಂದ ಕೇಳಿದವರ ಮುಂದೆ ಕೊರತೆ ಇದೆ ಎಂದು ಹೇಳಲು ನಾನು ಬೇರೆ ಊರಿನಲ್ಲಿ ಹುಟ್ಟಬೇಕಾಗಿತ್ತು. "ಏನೂ ಇಲ್ಲ ಸರ್" ಎಂದೆ. "ಹಂಗಾದ್ರೆ ಸರಿ" ಎಂದು ಅವರು ಕಾಫಿ ಮುಗಿಸಿದರು. ಮಾತೂ ಮುಗಿಯಿತು. ಮೈಸೂರಿನವರಿಗೆ ನಯ ಜಾಸ್ತಿ ಎಂದು ಹೊರಗಿನವರು ಹೊಗಳುವುದನ್ನು ಕೇಳಿದ್ದೇನೆ. ಅವರ್ಯಾರೂ ನಮ್ಮ ಜೊತೆ ಕೂತು ಆ್ಯಪ್ ಮಾಡಿದವರಲ್ಲ.

ಯಜಮಾನರಿಗೆ ಮಾತ್ರ ವಾತಾವರಣ ಬಿಸಿಯಾದದ್ದು ಗೊತ್ತಾಯಿತು. ಅವರೊಂದು ರಾಜಿ ಸೂತ್ರ ಕೊಟ್ಟರು. ಯಾರ ಟ್ಯಾಬಿನಲ್ಲಿ ಬದಲಾವಣೆ ಆಗುತ್ತದೋ ಅವರು "ಬದಲಾಗಿದೆ" ಎಂದು ಒಂದು ಕೂಗು ಹಾಕಲಿ, ಬೇಕಾದವರು ಕೇಳಿಸಿಕೊಳ್ಳಲಿ. ಯಾರೂ ಯಾರ ಇಲಾಖೆಗೂ ಕೈ ಹಾಕಿದ ಹಾಗಾಗುವುದಿಲ್ಲ. ಆ್ಯಪಿನೊಳಗೆ ಇಂಥ ಕೂಗಿಗೆ ವ್ಯವಸ್ಥೆ ಇದೆ, ತಪ್ಪೇನಿಲ್ಲ. ಆದರೆ ಕೂಗುವಾಗ ಹುಟ್ಟಿರದ ಪರದೆಗೆ ಅದು ಕೇಳಿಸುವುದಿಲ್ಲ, ಹೆಸರು ನೋಂದಾಯಿಸದ ಪರದೆಗೂ ಕೇಳಿಸುವುದಿಲ್ಲ. ನಾನು ಕೂಗು ಹಾಕಿದೆ. ಗೆಳತಿಯ ‘ದಾರಿ’ ಪರದೆ ಮುಂದೆ ಬಂದಾಗಲೆಲ್ಲ ಹೊಸದಾಗಿ ಹೆಸರು ನೋಂದಾಯಿಸಿಕೊಂಡು, ನನ್ನ ಒಂದು ಕೂಗನ್ನು ನಾಲ್ಕೈದು ಸಲ ಕೇಳಿಸಿಕೊಂಡು, ಒಂದೇ ವ್ಯಾನಿಗೆ ನಕ್ಷೆಯ ಮೇಲೆ ನಾಲ್ಕೈದು ಗೆರೆ ಎಳೆಯಿತು. ಹಿರಿಯರ ‘ಇಂದು’ ನೋಂದಾಯಿಸಿಕೊಳ್ಳಲೇ ಇಲ್ಲ.

"ಬೀದೀಲಿ ನಿಂತು ಕೂಗಿದ್ರೆ ಹೋಗೋದು ಹೆಂಗೆ ಮೇಡಂ?" ಎಂದರು. "ಮದುವೆಗೆ ಕರೆಯೋರು ಮನೆಗೆ ಬಂದು ಕುಂಕುಮ ಕೊಟ್ಟು ಕರೀತಾರೆ. ನಮ್ಮ ಟ್ಯಾಬಿಗೇ ಅಂತ ಹೇಳಿ ಕಳ್ಸಿ, ನೋಡೋಣ."

ಗೆಳತಿ ಇದಕ್ಕೂ ದಾರಿ ಹುಡುಕಿದಳು. ಅವಳಿಗೆ ತಾಳ್ಮೆ ಕಡಿಮೆ, ಧೈರ್ಯ ಜಾಸ್ತಿ. ತನ್ನ ಪರದೆಯಿಂದಲೇ ಎದ್ದು, ಎಡದಿಂದ ಎರಡನೇ ಗುಂಡಿಯ, ಅಂದರೆ ಹಿರಿಯರ ಮನೆಗೆ ನುಗ್ಗಿ, ಅಲ್ಲಿರುವ ಪ್ರತಿಯನ್ನು ತಾನೇ ತಿದ್ದಿ ಬರುವ ಹಾಗೆ ಬರೆದಳು. "ನಂಗೆ ಕುಂಕುಮ ಗಿಂಕುಮ ಎಲ್ಲ ಗೊತ್ತಿಲ್ಲ ಕಣ್ರೀ, ಬಾಗ್ಲು ತೆಗ್ದಿತ್ತು, ಹೋದೆ, ಇಟ್ಬುಟ್ಟು ಬಂದೆ" ಎಂದಳು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಯಜಮಾನರ ವಾಸ್ತು ಪಂಡಿತರು ಬಂದರು. ಬಂಗಲೆಯ ಬಚ್ಚಲಿನ ಬಾಗಿಲು ನೋಡಲು ಬಂದವರಿಗೆ ಯಜಮಾನರು ಆ್ಯಪನ್ನೂ ತೋರಿಸಿದರು. ಒಪ್ಪಿಗೆಯ ಗುಂಡಿ ಪೂರ್ವಕ್ಕಿರಬೇಕು ಎಂದು ಪಂಡಿತರು ಹೇಳಿದರು. ಫೋನಿನ ಪೂರ್ವ ಯಾವುದು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ, ಬಲಗಡೆ ಎಂದು ತೀರ್ಮಾನವಾಯಿತು. ‘ಇಂದು’ ಕೊನೆಗೆ ಹೋಯಿತು. ಗೆಳತಿ ಮಾತ್ರ ಎಡದಿಂದ ಎರಡನೇ ಮನೆಗೇ ನುಗ್ಗುತ್ತಿದ್ದಳು, ಈಗ ಅದು ಅವಳದೇ ಮನೆ. ತನ್ನ ಮನೆಯಲ್ಲಿ ತಾನೇ ಹಿರಿಯರನ್ನು ಹುಡುಕಿ, ಸಿಗದೆ, ಆ್ಯಪ್ ತಟಕ್ಕನೆ ಮುಚ್ಚಿಕೊಳ್ಳತೊಡಗಿತು. ಬಯ್ಯಿಸಿಕೊಂಡವಳು ಅವಳು. ಪಂಡಿತರಿಗೆ ತಾಂಬೂಲ ಸಿಕ್ಕಿತು. ಅವಳು ಬರೆದಿದ್ದನ್ನು ತೆಗೆದುಹಾಕಿ, ಮತ್ತೆ ಎಲ್ಲರೂ ಅವರವರ ಪ್ರತಿ ಹಿಡಿದುಕೊಂಡು ಕೂತೆವು.

ಇಷ್ಟೇ ಆಗಿದ್ದರೆ ನಗಾಡಿಕೊಂಡು ಇರಬಹುದಾಗಿತ್ತು. ಇದರೊಳಗೆ ಇನ್ನೊಂದು ವಿಷಯವಿತ್ತು, ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿರಿಯರ ‘ಇಂದು’ ಪರದೆ ವಿಳಾಸವನ್ನು ತೋರಿಸುತ್ತಿರಲಿಲ್ಲ. ವಿಳಾಸ ನನ್ನ ಇಲಾಖೆಯದಲ್ಲವೇ, ತಾವು ತೋರಿಸುವುದು ಸರಿಯಲ್ಲ ಎಂದು ಅವರ ಸೌಜನ್ಯ. ಆದರೆ ‘ಸರಿ’ ಒತ್ತಿದಾಗ ಕೈಯಲ್ಲಿದ್ದ ಪೂರ್ತಿ ಪ್ರತಿಯನ್ನು, ವಿಳಾಸದ ಸಮೇತ, ಸರ್ವರಿಗೆ ಒಪ್ಪಿಸಿಬಿಡುತ್ತಿತ್ತು. ಹೊಸದರ ಮೇಲೆ ಹಳೆಯದು ಹೋಗಿ ಕೂರುತ್ತಿತ್ತು, ಡ್ರೈವರಿನ ಫೋನಿಗೆ ಬರುವುದೂ ಅದೇ. ನಮ್ಮ ಊರಿನಲ್ಲಿ ಮನೆ ಬದಲಿಸುವವರು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ ಬದಲಿಸುತ್ತಾರೆ, ಶಾಲೆ ಶುರುವಾಗುವ ಹೊತ್ತಿಗೆ ಆ್ಯಪನ್ನು ಹೊಸದಾಗಿ ತೆರೆದಿರುತ್ತಾರೆ. ಹಾಗಾಗಿ ಯಾರ ಮಗುವಿಗೂ ಏನೂ ಆಗಿರಲಿಲ್ಲ. ಶಾಲೆ ನಡೆಯುವಾಗ ಮನೆ ಬದಲಿಸಿದವಳು ನಾನು.

ಬನ್ನಿಮಂಟಪದ ಬಾಡಿಗೆ ಮನೆ ಬಿಟ್ಟು ಬೋಗಾದಿಯ ಹೊಸ ಬಡಾವಣೆಯಲ್ಲಿ ಒಂದು ಫ್ಲ್ಯಾಟು ಹಿಡಿದೆವು. ಸುತ್ತ ಎಲ್ಲೆಲ್ಲೂ ಅರ್ಧ ಕಟ್ಟಿದ ಮನೆಗಳು, ಜಲ್ಲಿ ರಾಶಿ, ಕಾಲೇಜು ಹುಡುಗರ ಬೈಕುಗಳು. ಭಾನುವಾರ ಹಾಲು ಉಕ್ಕಿಸಿದೆವು. ಸಂಜೆ ಚೀಲಗಳ ನಡುವೆ ಕೂತು ‘ಮಗು’ ಟ್ಯಾಬಿನಲ್ಲಿ ವಿಳಾಸ ಬದಲಿಸಿದೆ. ನಾನೇ ಬರೆದ ಪರದೆ, ಸೊಗಸಾಗಿ ಬದಲಾಯಿತು. ಸೋಮವಾರ ಬೆಳಿಗ್ಗೆ ಮಗಳನ್ನು ಸ್ಕೂಟರಿನಲ್ಲಿ ನಾನೇ ಶಾಲೆಗೆ ಬಿಟ್ಟೆ. ಎರಡನೇ ಕ್ಲಾಸಿನ ಹುಡುಗಿ, ಹೊಸ ಮನೆ ಎಂದು ಹಾದಿಯುದ್ದಕ್ಕೂ ಹಾಡಿಕೊಂಡು ಬಂದಳು. ಸಂಜೆ ವ್ಯಾನಿನಲ್ಲಿ ಬಂದರೆ ಗೇಟಿನಲ್ಲಿ ಅಜ್ಜಿ ನಿಂತಿರುತ್ತಾರೆ ಎಂದು ಹೇಳಿದೆ. ಕಚೇರಿಗೆ ಬಂದು, ಹಿಂದಿನ ವಾರದಿಂದ ಮುಚ್ಚದೇ ಇದ್ದ ಆ್ಯಪಿನ ‘ಇಂದು’ ಟ್ಯಾಬಿನಲ್ಲಿ ‘ಸರಿ’ ಒತ್ತಿದೆ. ಹಸಿರು ಬಣ್ಣದಲ್ಲಿ ಧನ್ಯವಾದ ಎಂದು ಬಂತು.

ಸಂಜೆ ಅತ್ತೆಯವರ ಫೋನು. "ಮಗು ಇನ್ನೂ ಬಂದಿಲ್ವಲ್ಲಮ್ಮ. ನಾನು ಆಗ್ಲಿಂದ ಗೇಟಲ್ಲೇ ನಿಂತಿದೀನಿ."

ಹೊಸ ದಾರಿ, ವ್ಯಾನು ತಡವಾಗಿರಬಹುದು ಎಂದೆ. ಹೇಳಿ ಫೋನು ತೆರೆದು ನೋಡಿದರೆ ‘ಇಂದು’ ಟ್ಯಾಬಿನಲ್ಲಿ "ಮಗು ಸುರಕ್ಷಿತವಾಗಿ ತಲುಪಿದೆ" ಎಂದು ಬರೆದಿತ್ತು, ಪಕ್ಕದಲ್ಲೊಂದು ಹೂವಿನ ಚಿತ್ರ. ‘ಮಗು’ ಟ್ಯಾಬು ಬೋಗಾದಿ ಎನ್ನುತ್ತಿತ್ತು. ‘ದಾರಿ’ಯಲ್ಲಿ ವ್ಯಾನು ರಿಂಗ್ ರೋಡಿನ ಮೇಲೆ ಎಲ್ಲಿಗೋ ಹೋಗುತ್ತಿತ್ತು. ಡ್ರೈವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ವ್ಯಾನು ಓಡಿಸುವಾಗ ಫೋನು ಎತ್ತಬಾರದು, ಬಾಯಿಮಾತಿನಲ್ಲಿ ಯಾರು ಏನು ಹೇಳಿದರೂ ಒಪ್ಪಬಾರದು, ಎಲ್ಲ ಆ್ಯಪಿನಲ್ಲೇ ಆಗಬೇಕು ಎಂದು ನಾವೇ ಡ್ರೈವರುಗಳಿಗೆ ಕಲಿಸಿದ್ದೆವು. ಗಂಡ ನಂಜನಗೂಡಿನ ಕಾರ್ಖಾನೆಯಲ್ಲಿ, ಪಾಳಿಯ ಹೊತ್ತಿನಲ್ಲಿ ಅಲ್ಲಿ ಫೋನು ಒಳಗೆ ಬಿಡುವುದಿಲ್ಲ. ಶಾಲೆಗೆ ಫೋನು ಮಾಡಿದರೆ, ಹುಡುಗಿ ವ್ಯಾನು ಹತ್ತಿದ್ದನ್ನು ಆಯಾ ಕಣ್ಣಾರೆ ನೋಡಿದ್ದಾಳೆ ಎಂದರು.

"ಮಗಳು ಮನೆಗೆ ಬಂದಿಲ್ಲ" ಎಂದು ಜೋರಾಗಿಯೇ ಹೇಳಿದೆ. ಇಬ್ಬರೂ ಎದ್ದು ಬಂದರು, ಹಾಲಿನಿಂದ ಯಜಮಾನರೂ ಬಂದರು. ಮುಂದೆ ನಡೆದದ್ದನ್ನು ಒಂದಕ್ಷರ ಸೇರಿಸದೆ ಹೇಳುತ್ತೇನೆ.

ಗೆಳತಿ ತನ್ನ ಕಂಪ್ಯೂಟರಿನಲ್ಲಿ ನಕ್ಷೆ ತೆಗೆದಳು. "ವ್ಯಾನು ಕರೆಕ್ಟಾಗಿ ತೋರಿಸ್ತಿದೆ ಕಣ್ರೀ. ನೋಡಿ, ಈಗ ಸಿಗ್ನಲ್ ದಾಟ್ತು. ನಮ್ಮ ಟ್ಯಾಬು ಸರಿಯಾಗಿದೆ."

"ಮಗು ವ್ಯಾನಲ್ಲಿ ಇದೆಯಾ?"

"ಅದು ನಮಗೆ ಬರಲ್ವಲ್ಲ."

ಹಿರಿಯರು ಕನ್ನಡಕ ಏರಿಸಿ ನನ್ನ ಫೋನನ್ನು ದೂರ ಹಿಡಿದು ಓದಿದರು. "ತಲುಪಿದೆ ಅಂತ ಬಂದಿದೆಯಲ್ಲ ಮೇಡಂ. ಡ್ರೈವರ್ ಒತ್ತದೆ ಇದು ಬರಲ್ಲ. ನಮ್ಮ ಟ್ಯಾಬು ಸರಿಯಾಗಿಯೇ ಇದೆ."

"ಎಲ್ಲಿಗೆ ತಲುಪಿದೆ ಸರ್?"

ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು, ಬಹಳ ಮರ್ಯಾದೆಯಿಂದ, "ವಿಳಾಸ ನಿಮ್ಮ ಟ್ಯಾಬಿಂದಲ್ವಾ?" ಎಂದರು.

ನನ್ನ ಟ್ಯಾಬು ಬೋಗಾದಿ ಎನ್ನುತ್ತಿತ್ತು. ನನ್ನ ಟ್ಯಾಬೂ ಸರಿಯಾಗಿತ್ತು. ಮೂರೂ ಸರಿಯಾಗಿದ್ದವು, ಮಗು ಮಾತ್ರ ಇರಲಿಲ್ಲ. ಯಜಮಾನರು ನೀರು ತರಿಸಿ, "ಮೊದ್ಲು ಕೂತ್ಕೊಳ್ಳಿ. ಗಾಬರಿ ಬೇಡ. ಯಾರ್ದೂ ತಪ್ಪಿಲ್ಲ ಅಂತ ಕಾಣ್ಸುತ್ತೆ" ಎಂದರು. ಮಗು ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ತಪ್ಪು ಯಾರದೂ ಅಲ್ಲ ಎಂದು ಅವರಿಗೆ ಗೊತ್ತಾಗಿತ್ತು. ನಾನು ಎಂದೂ ಕಚೇರಿಯಲ್ಲಿ ದನಿ ಏರಿಸಿದವಳಲ್ಲ. ಅವತ್ತು ಏರಿಸಿದೆ. "ಯಾರಪ್ಪನ ಟ್ಯಾಬು ಸರಿಯಾಗಿದ್ರೆ ನನಗೇನ್ರೀ, ನನ್ನ ಮಗಳೆಲ್ಲಿ ಅಂತ ಹೇಳ್ರೀ!" ಎಂದು ಕಿರುಚಿದೆ. ಆ ಮನೆಯ ಗೋಡೆಗಳು ಅಂಥ ಮಾತು ಕೇಳಿರಲಿಕ್ಕಿಲ್ಲ.

ಆಗ ಹಿರಿಯರು, ಸಹಾಯ ಮಾಡಬೇಕೆಂಬ ನಿಜವಾದ ಕಾಳಜಿಯಿಂದಲೇ, "ಒಂದ್ಸಲ ಮುಚ್ಚಿ ತೆಗೆದು ನೋಡಿ ಮೇಡಂ" ಎಂದರು.

ಫೋನನ್ನು ಅವರ ಮುಖಕ್ಕೆ ಎಸೆಯಬೇಕು ಎನ್ನಿಸಿತು. ಎಸೆಯಲಿಲ್ಲ, ಮುಚ್ಚಿ ತೆಗೆದೆ. ಎಷ್ಟು ಜನರಿಗೆ ಹೇಳಿದ ಮಾತು, ಬೆರಳು ತಾನಾಗಿಯೇ ಮಾಡಿತು. ಆ್ಯಪ್ ಹೊಸದಾಗಿ ಹುಟ್ಟಿತು. ‘ಮಗು’ ಟ್ಯಾಬು ಸರ್ವರಿನಿಂದ ಹೊಸ ಪ್ರತಿ ತಂದು ನನ್ನ ಮುಂದೆ ಹಿಡಿಯಿತು. ಅದರಲ್ಲಿ ಬೋಗಾದಿ ಇರಲಿಲ್ಲ. ಬನ್ನಿಮಂಟಪದ ಹಳೆಯ ಮನೆಯ ವಿಳಾಸವಿತ್ತು, ಕೆಳಗೆ "ಪಾಲಕರು ಒಪ್ಪಿದ್ದಾರೆ" ಎಂದೂ ಇತ್ತು. ಒಪ್ಪಿದ ಪಾಲಕಿ ನಾನು.

ಸ್ಕೂಟರ್ ಹೇಗೆ ಓಡಿಸಿದೆ ಎಂದು ಈಗ ನೆನಪಿಲ್ಲ. ರೈಲ್ವೆ ಗೇಟು ಹಾಕಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಪಕ್ಕದ ಆಟೋದವನು, "ಯಾಕವ್ವ ಅಳ್ತಿದೀರ?" ಎಂದು ಕೇಳಿದ ಮೇಲೆ ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾಯಿತು. ಆ ಮನೆಗೆ ಈಗ ಬೀಗ. ಮಾಲೀಕರು ಮೇಲಿನ ಮನೆಯಲ್ಲಿ ಇಲ್ಲ, ಮಗನ ಊರಿಗೆ ಹೋಗಿದ್ದಾರೆ ಎಂದು ಮನೆ ಬಿಡುವಾಗಲೇ ಹೇಳಿದ್ದರು. ಎದುರಿಗೆ ಲಾರಿಗಳು ನಿಲ್ಲುವ ಜಾಗ. ಏಳು ವರ್ಷದ ಹುಡುಗಿ ಎಲ್ಲಿಗಾದರೂ ನಡೆದು ಹೋಗಿಬಿಟ್ಟಿದ್ದರೆ ಎಂಬುದಕ್ಕಿಂತ ಮುಂದೆ ನನ್ನ ತಲೆ ಓಡಲಿಲ್ಲ. ಗೇಟು ತೆಗೆಯುವ ಹೊತ್ತಿಗೆ ಡ್ರೈವರನ ಫೋನು ಬಂತು. "ಮೇಡಮ್ಮೋರೇ, ವ್ಯಾನ್ ಓಡಿಸ್ತಿದ್ದೆ, ಎತ್ತಕ್ಕಾಗ್ನಿಲ್ಲ. ಪಾಪುನ ಎಂದಿನಂಗೆ ಮನೆತಾವೇ ಇಳಿಸಿದೀನಲ್ಲ" ಎಂದ. ಫೋನು ಇಟ್ಟು ಗಾಡಿ ಹೊರಡಿಸಿದೆ.

ಹಳೆಯ ಮನೆಯ ಗೇಟಿಗೆ ಬಾಡಿಗೆಗಿದೆ ಎಂಬ ಬೋರ್ಡು ನೇತುಹಾಕಿದ್ದರು. ಒಳಗೆ ಮೆಟ್ಟಿಲಿನ ಮೇಲೆ ಮಗಳು ಕೂತಿದ್ದಳು. ಬ್ಯಾಗು ತೊಡೆಯ ಮೇಲೆ. ಶೂ ಬಿಚ್ಚಿ, ಕಾಲುಚೀಲ ಅದರೊಳಗೆ ತುರುಕಿ, ಬೀಗ ಹಾಕಿದ ಬಾಗಿಲ ಪಕ್ಕ ಜೋಡಿಸಿ ಇಟ್ಟಿದ್ದಳು. ಮನೆಗೆ ಬಂದರೆ ಹಾಗೆ ಇಡಬೇಕೆಂದು ನಾನೇ ದಿನಾ ಹೇಳುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಓಡಿ ಬಂದು ಅಪ್ಪಿಕೊಳ್ಳಲೂ ಇಲ್ಲ. ನಾನೇ ಹೋಗಿ ಎತ್ತಿಕೊಂಡೆ.

"ಅಂಕಲ್‌ಗೆ ಹೇಳ್ಬಾರ್ದಿತ್ತಾ ಪುಟ್ಟಿ, ಇದು ಹಳೇ ಮನೆ ಅಂತ?"

"ಹೇಳ್ದೆ. ಅವ್ರು ಫೋನ್ ತೋರ್ಸಿದ್ರು. ಇಲ್ಲೇ ಇಳಿಸಿ ಅಂತ ನಿಮ್ಮಮ್ಮನೇ ಸರಿ ಅಂದವ್ರೆ ನೋಡವ್ವ, ಅಂದ್ರು."

"ಅದಕ್ಕೆ ಇಳಿದ್ಬುಟ್ಯಾ?"

"ನೀನೇ ಸರಿ ಅಂದಿದೀಯಲ್ಲ." ನನ್ನ ಹೆಗಲ ಮೇಲೆ ಮುಖ ಇಟ್ಟು ಕೇಳಿದಳು: "ಅಮ್ಮ, ನಾನು ಹೊಸಾ ಗೋಡೆ ಮೇಲೆ ಬರೆದ್ನಲ್ಲ, ಅದಕ್ಕಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಹಿಂದಿನ ದಿನ ಫ್ಲ್ಯಾಟಿನ ಗೋಡೆಯ ಮೇಲೆ ಬಣ್ಣದ ಕಡ್ಡಿಯಲ್ಲಿ ಏನೋ ಗೀಚಿದ್ದಳು, ನಾನೇನೋ ಅಂದಿದ್ದೆ, ಏನೆಂದೆ ಎಂಬುದೂ ನನಗೆ ಮರೆತುಹೋಗಿತ್ತು. ಅವಳು ಆ ಮೆಟ್ಟಿಲಿನ ಮೇಲೆ ಕೂತು ಎಲ್ಲವನ್ನೂ ತಾನೇ ಕೂಡಿಸಿಕೊಂಡಿದ್ದಳು. ನಾವೆಲ್ಲರೂ ಹೊಸ ಮನೆಗೆ ಹೋದೆವು, ಗೋಡೆ ಹಾಳು ಮಾಡಿದ್ದಕ್ಕೆ ಅವಳನ್ನು ಮಾತ್ರ ಈ ಹಳೆಯ ಮನೆಗೆ ಕಳಿಸಿದೆವು, ಅಮ್ಮನೇ ಸರಿ ಎಂದಿದ್ದಾಳೆ. ಅದಕ್ಕೇ ಶೂ ಜೋಡಿಸಿಟ್ಟಿದ್ದಳು.

ಮರುದಿನ ಕಚೇರಿಯಲ್ಲಿ ಎಲ್ಲರೂ ನನ್ನ ಜೊತೆ ಮೆಲ್ಲಗೆ ಮಾತಾಡಿದರು. ಹಿರಿಯರು ಬಂದು ಕೈಮುಗಿದು, "ನಮ್ಮ ಟ್ಯಾಬಿಂದ ಏನಾದ್ರೂ ತೊಂದ್ರೆ ಆಗಿದ್ರೆ ಕ್ಷಮಿಸ್ಬೇಕು ಮೇಡಂ" ಎಂದರು. ಆಗಿದ್ದರೆ! ಅವರ ಕಣ್ಣು ಕೆಂಪಾಗಿತ್ತು, ಬೆಳಗಿನ ತನಕ ನಿದ್ದೆ ಮಾಡಿರಲಿಕ್ಕಿಲ್ಲ, ಕೆಟ್ಟ ಮನುಷ್ಯರಲ್ಲ. ಆದರೂ ಆ ‘ಆಗಿದ್ದರೆ’ಯನ್ನು ಬಿಡಲು ಅವರಿಂದ ಆಗಲಿಲ್ಲ. ನಾನು ಯಾರ ಒಪ್ಪಿಗೆಯನ್ನೂ ಕೇಳದೆ ಮೂರು ಇಲಾಖೆಗೂ ಕೈ ಹಾಕಿದೆ. ಮಗುವಿನ ವಿವರವನ್ನು ಒಂದೇ ಕಡೆ ಇಟ್ಟೆ, ಮೂರು ಪರದೆಗಳ ಕೈಯಲ್ಲಿದ್ದ ಪ್ರತಿಗಳನ್ನೂ ಕಿತ್ತುಹಾಕಿದೆ, ನನ್ನದನ್ನೂ ಸೇರಿಸಿ. ‘ಸರಿ’ ಗುಂಡಿ ಈಗ ಸರಿ ಎಂಬುದನ್ನು ಬಿಟ್ಟು ಬೇರೇನನ್ನೂ ಕಳಿಸುವುದಿಲ್ಲ. ಊಟದ ಹೊತ್ತಿಗೆ ಕೆಲಸ ಮುಗಿಯಿತು. ಅದನ್ನು ಮಾಡಬೇಕೋ ಬೇಡವೋ ಎಂದು ನಾವು ಕುಡಿದ ಕಾಫಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಯಜಮಾನರು ಗ್ರಾಹಕರಿಗೆಲ್ಲ ಒಂದು ಪ್ರಕಟಣೆ ಕಳಿಸಿದರು. "ಹೊಸ ಸೌಲಭ್ಯ: ಇನ್ನು ಮುಂದೆ ನಿಮ್ಮ ಮಗುವಿನ ವಿಳಾಸ ಎಲ್ಲಾ ಟ್ಯಾಬುಗಳಲ್ಲೂ ಒಂದೇ!" ಕೊನೆಗೊಂದು ಹೂವಿನ ಚಿತ್ರ. ಅನೇಕರು ಮೆಚ್ಚುಗೆ ಸೂಚಿಸಿದರು. ಒಂದು ಶಾಲೆಯವರು ಯಜಮಾನರಿಗೆ ಮೈಸೂರು ಪೇಟ ತೊಡಿಸಿ ಸನ್ಮಾನವನ್ನೂ ಮಾಡಿದರು. ಫೋಟೋದಲ್ಲಿ ಹಿರಿಯರು, ಗೆಳತಿ, ನಾನು ಹಿಂದೆ ನಿಂತಿದ್ದೇವೆ. ಮೂವರೂ ನಗುತ್ತಿದ್ದೇವೆ.

ಬೋಗಾದಿಯ ಮನೆಗೆ ವ್ಯಾನು ಬೆಳಿಗ್ಗೆ ಬರುತ್ತದೆ. ರಸ್ತೆ ಅಗೆದಿರುವುದರಿಂದ ಮೂಲೆಯ ತನಕ ನಾನೇ ಮಗಳ ಕೈ ಹಿಡಿದು ನಡೆಸಿಕೊಂಡು ಹೋಗುತ್ತೇನೆ. ಹತ್ತುವ ಮೊದಲು ಅವಳು ನಿಂತು ಕೇಳುತ್ತಾಳೆ, "ಅಮ್ಮ, ಸಾಯಂಕಾಲ ನಾನು ಯಾವ ಮನೆಗೆ ಬರ್ಲಿ?"

ಮೊದಲ ಸಲ ಕೇಳಿದಾಗ ನಾನು ಫೋನು ತೆಗೆದು ತೋರಿಸಿದೆ. ನೋಡು, ಮೂರು ಕಡೆಯಲ್ಲೂ ಇದೇ ಮನೆ ಇದೆ, ಅಮ್ಮನೇ ಸರಿಮಾಡಿದ್ದಾಳೆ ಎಂದೆ. ಅವಳು ಫೋನಿನ ಕಡೆ ನೋಡಲಿಲ್ಲ.

"ಅದ್ರಲ್ಲಿ ಬೇಡ. ನೀನು ಹೇಳು."

"ಇದೇ ಮನೆಗೆ ಬಾ ಕಂದ. ನಾವೆಲ್ಲ ಇಲ್ಲೇ ಇರ್ತೀವಿ" ಎಂದೆ. ಅವಳು ನನ್ನ ಮುಖವನ್ನು ಚೆನ್ನಾಗಿ ನೋಡಿ, ತಲೆಯಾಡಿಸಿ, ಹತ್ತಿ ಹೋದಳು. ಮರುದಿನ ಬೆಳಿಗ್ಗೆ ಮತ್ತೆ ಕೇಳಿದಳು.